ಆ ಹಗ್ಗ ಕಡಿಯುವ ಮುಂಚೆ: ‘ಮಾಸ್ಟರ್ ಅಂಡ್ ಕಮಾಂಡರ್’ ಸಿನಿಮಾದೊಳಗಿನ ಹಡಗು

ದಕ್ಷಿಣ ಅಮೆರಿಕದ ತುತ್ತತುದಿ, ಕೇಪ್ ಹಾರ್ನ್. ಬಿರುಗಾಳಿ ಬೀಸುತ್ತಿದೆ. ಹಾಯಿ ಕಟ್ಟುವ ಹಿಂದಿನ ಕೂವೆಮರದ ಮೇಲೆ ವಾರ್ಲಿ ಅನ್ನುವ ನಾವಿಕ ಇದ್ದಾನೆ. ಮರದ ಮೇಲ್ಭಾಗ ಮುರಿಯುತ್ತದೆ, ಅವನನ್ನೂ ಸೇರಿಸಿಕೊಂಡು ಸಮುದ್ರಕ್ಕೆ ಬೀಳುತ್ತದೆ. ವಾರ್ಲಿ ಸತ್ತಿಲ್ಲ. ಮುರಿದ ಮರದ ಕಡೆಗೆ ಕೈಬಡಿಯುತ್ತಾ ಈಜುತ್ತಿದ್ದಾನೆ. ಆ ಮರ ಇನ್ನೂ ಹಗ್ಗಗಳಿಂದ ಹಡಗಿಗೆ ಅಂಟಿಕೊಂಡೇ ಇದೆ. ಅದನ್ನು ಹಿಡಿದರೆ ಅವನು ಬದುಕಬಹುದು.

ಆದರೆ ಕ್ಯಾಪ್ಟನ್ ಕೊಡಲಿ ಎತ್ತಿಕೊಳ್ಳುತ್ತಾನೆ. ಜೊತೆಗೆ ಕೊಡಲಿ ಹಿಡಿದವನು ನೇಗಲ್, ಹಡಗಿನ ಬಡಗಿಯ ಸಹಾಯಕ. ನೀರಲ್ಲಿರುವ ವಾರ್ಲಿ ಇವನ ಜೀವದ ಗೆಳೆಯ. ಇಬ್ಬರೂ ಸೇರಿ ಹಗ್ಗ ಕಡಿಯುತ್ತಾರೆ. ವಾರ್ಲಿ ಅಲೆಗಳ ನಡುವೆ ಹಿಂದೆ ಹಿಂದೆ ಸರಿಯುತ್ತಾನೆ.

ಮೊದಲ ಸಲ ಇದನ್ನು ನೋಡಿದಾಗ ನನಗೆ ಆ ಕ್ಯಾಪ್ಟನ್ ಮೇಲೆ ಕೋಪವೇ ಬಂದಿತ್ತು. ಹಗ್ಗ ಯಾಕೆ ಕಡಿಯಬೇಕು, ಎಳೆದುಕೊಳ್ಳಬಾರದಿತ್ತಾ? ಹಾಯಿ ಹಡಗು ಹೇಗೆ ನಡೆಯುತ್ತದೆ ಅಂತ ಒಂದಿಷ್ಟು ಓದಿಕೊಂಡ ಮೇಲೆ ಮತ್ತೆ ನೋಡಿದೆ. ಆಗ ಕೋಪ ಹೋಗಿ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಈ ಸಿನಿಮಾದಲ್ಲಿ ಅರ್ಧ ಕಥೆ ಹಡಗಿನ ಕೆಲಸದಲ್ಲೇ ಅಡಗಿದೆ, ಯಾರೂ ನಿಂತು ವಿವರಿಸುವುದಿಲ್ಲ. ಆ ಅರ್ಧವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಆ ಹಗ್ಗದ ವಿಷಯ. ಮುರಿದ ಮರ, ಅದರ ಹಾಯಿ, ಹತ್ತಾರು ಹಗ್ಗ ಎಲ್ಲಾ ನೀರಲ್ಲಿ ನೆನೆದು ಭಾರವಾಗಿ ಒಂದು ದೊಡ್ಡ ಲಂಗರಿನ ಹಾಗೆ ಹಡಗನ್ನು ಹಿಂದಕ್ಕೆ ಜಗ್ಗುತ್ತಿರುತ್ತವೆ. ಬಿರುಗಾಳಿಯಲ್ಲಿ ಓಡುವ ಹಡಗಿಗೆ ಒಂದೇ ರಕ್ಷೆ: ಅಲೆಗೆ ಅಡ್ಡವಾಗಿ ತಿರುಗದೆ ಇರುವುದು. ಒಂದು ಬದಿಗೆ ಜಗ್ಗಿದರೆ ಚುಕ್ಕಾಣಿ ಮಾತು ಕೇಳುವುದಿಲ್ಲ. ಹಡಗು ಅಡ್ಡ ತಿರುಗುತ್ತದೆ, ಮುಂದಿನ ಅಲೆ ಅದನ್ನು ಮಗುಚಿ ಹಾಕುತ್ತದೆ. ಅಂದರೆ ವಾರ್ಲಿಯನ್ನು ಉಳಿಸಬಹುದಾಗಿದ್ದ ವಸ್ತುವೇ ಉಳಿದ ಎಲ್ಲರನ್ನೂ ಮುಳುಗಿಸುತ್ತಿತ್ತು. ಯೋಚನೆ ಮಾಡಲು ಸಿಕ್ಕಿದ್ದು ಕೆಲವೇ ಗಳಿಗೆ.

ಇನ್ನು ಸಿನಿಮಾದ ಪರಿಚಯ. ‘ಮಾಸ್ಟರ್ ಅಂಡ್ ಕಮಾಂಡರ್: ದ ಫಾರ್ ಸೈಡ್ ಆಫ್ ದ ವರ್ಲ್ಡ್’ 2003ರಲ್ಲಿ ಬಂತು. ನಿರ್ದೇಶಕ ಆಸ್ಟ್ರೇಲಿಯಾದ ಪೀಟರ್ ವಿಯರ್. ಪ್ಯಾಟ್ರಿಕ್ ಓಬ್ರಿಯನ್ ಬರೆದ ಕಾದಂಬರಿ ಮಾಲೆ ಇದಕ್ಕೆ ಆಧಾರ. ಕಥೆ ನಡೆಯುವುದು 1805ರ ಏಪ್ರಿಲ್‌ನಿಂದ ಮುಂದಕ್ಕೆ. ನೆಪೋಲಿಯನ್ ಯುರೋಪನ್ನು ನುಂಗುತ್ತಿದ್ದಾನೆ, ಬ್ರಿಟನ್ನಿಗೆ ಅವನನ್ನು ತಡೆಯಲು ಇರುವುದು ಸಮುದ್ರವೊಂದೇ. ‘ಸರ್ಪ್ರೈಸ್’ ಅನ್ನುವ ಬ್ರಿಟಿಷ್ ಹಡಗು, 28 ಫಿರಂಗಿ, 197 ಜನ. ಕ್ಯಾಪ್ಟನ್ ಜಾಕ್ ಆಬ್ರಿ (ರಸೆಲ್ ಕ್ರೋ). ಅವನ ಗೆಳೆಯ, ಹಡಗಿನ ವೈದ್ಯ ಸ್ಟೀಫನ್ ಮ್ಯಾಟುರಿನ್ (ಪಾಲ್ ಬೆಟನಿ). ‘ಅಕೆರಾನ್’ ಅನ್ನುವ ಫ್ರೆಂಚ್ ಹಡಗು ಪೆಸಿಫಿಕ್‌ಗೆ ಹೋಗದಂತೆ ತಡೆಯಬೇಕು. ಮುಳುಗಿಸಿ, ಸುಡಿ, ಇಲ್ಲವೇ ಹಿಡಿಯಿರಿ ಅಂತ ಆಜ್ಞೆ. ಅಕೆರಾನ್ ಇವರಿಗಿಂತ ದೊಡ್ಡದು, ವೇಗದ್ದು, ಗಟ್ಟಿಮುಟ್ಟಾದ್ದು. ಇಷ್ಟೇ ಕಥೆ. ಎರಡು ಹಡಗು, ಒಂದು ಬೆನ್ನಟ್ಟುವಿಕೆ.

ಓಬ್ರಿಯನ್ನನ ಕಾದಂಬರಿಯಲ್ಲಿ ಕಾಲ 1812, ಶತ್ರು ಅಮೆರಿಕದ ಹಡಗು. ಸಿನಿಮಾ ಅದನ್ನು ಫ್ರೆಂಚರದ್ದಾಗಿ ಬದಲಿಸಿತು. ಆದರೂ ಅಕೆರಾನ್ ಕಟ್ಟಿದ್ದು ಬಾಸ್ಟನ್ನಿನಲ್ಲಿ ಅನ್ನುವ ಎಳೆಯನ್ನು ಉಳಿಸಿಕೊಂಡಿತು. ಅದನ್ನು ಕಟ್ಟುವಾಗ ಕಣ್ಣಾರೆ ಕಂಡಿದ್ದವನು ಇದೇ ವಾರ್ಲಿ. ಅವನು ಹೇಳಿದ, ನೇಗಲ್ ಮರದಲ್ಲಿ ಪುಟ್ಟ ಮಾದರಿ ಕೆತ್ತಿದ, ಇಬ್ಬರೂ ತಂದು ಕ್ಯಾಪ್ಟನ್ ಮುಂದಿಟ್ಟರು. ಆಬ್ರಿ ಖುಷಿಯಾಗಿ ಇಬ್ಬರಿಗೂ ಜಾಸ್ತಿ ರಮ್ ಕೊಡಿಸಿದ. ಈ ನೇಗಲ್‌ನನ್ನು ನೆನಪಿಡಿ. ನನ್ನ ಮಟ್ಟಿಗೆ ಈ ಸಿನಿಮಾ ಅರ್ಥವಾಗುವುದು ಕ್ಯಾಪ್ಟನ್ನನ ಬೆನ್ನ ಹಿಂದೆ ಹೋದರೆ ಅಲ್ಲ, ನೇಗಲ್‌ನ ಬೆನ್ನ ಹಿಂದೆ ಹೋದರೆ.

ಈಗ ಗಾಳಿ. ಎಂಜಿನ್ ಇಲ್ಲದ ಕಾಲದ ಸಮುದ್ರ ಯುದ್ಧವೆಲ್ಲ ಗಾಳಿಯ ಲೆಕ್ಕಾಚಾರ. ಇಂಥ ಹಡಗುಗಳದ್ದು ಅಡ್ಡಮರಕ್ಕೆ ಕಟ್ಟಿದ ಚೌಕ ಹಾಯಿಗಳು. ಗಾಳಿ ಬರುವ ದಿಕ್ಕಿಗೆ ಅವು ನೇರವಾಗಿ ಹೋಗಲಾರವು. ಹಾವಿನ ಹಾಗೆ ಅತ್ತ ಇತ್ತ ಓರೆಯಾಗಿ ಸಾಗಿ, ಎಷ್ಟೋ ಹೊತ್ತು ಕಳೆದು, ಸ್ವಲ್ಪ ಮುಂದೆ ಹೋಗಬೇಕು. ಹಾಗಾಗಿ ಎರಡು ಹಡಗು ಎದುರಾದಾಗ ಗಾಳಿ ಬೀಸಿ ಬರುವ ಕಡೆಗೆ ಯಾವುದಿದೆಯೋ ಅದರದ್ದೇ ಮೇಲುಗೈ. ಅದು ಯಾವಾಗ ಬೇಕಾದರೂ ಇಳಿದು ಬಂದು ಹೊಡೆಯಬಹುದು, ಬೇಡವೆಂದರೆ ದೂರ ಉಳಿಯಬಹುದು. ಕೆಳಗಿನ ಹಡಗಿಗೆ ಆ ಆಯ್ಕೆ ಇಲ್ಲ. ಕಣದಲ್ಲಿ ರಾಶಿ ತೂರುವವರು ಗಾಳಿ ನೋಡಿಕೊಂಡೇ ನಿಲ್ಲುತ್ತಾರೆ, ಅಲ್ವಾ? ಹೊಟ್ಟು ಯಾರ ಮೈಮೇಲೆ ಬೀಳುತ್ತದೆ ಅನ್ನುವುದು ನಿಂತ ಜಾಗದ ಮೇಲೆ ಹೋಗುತ್ತದೆ. ಇಲ್ಲೂ ಹಾಗೆಯೇ, ಹೊಟ್ಟಿನ ಬದಲು ಫಿರಂಗಿಯ ಹೊಗೆ. ನಾವಿಕರು ಇದಕ್ಕೆ ವೆದರ್ ಗೇಜ್ ಅನ್ನುತ್ತಾರೆ. ಸಿನಿಮಾದಲ್ಲಿ ಈ ಮಾತು ಬಂದಾಗಲೆಲ್ಲ ಎಲ್ಲರ ಮುಖ ಯಾಕೆ ಬಿಗಿಯುತ್ತದೆ ಅಂತ ಈಗ ತಿಳಿಯುತ್ತದೆ.

ಗಾಳಿಯಷ್ಟೇ ಮುಖ್ಯ ಹಡಗಿನ ಹಿಂಬದಿ. ಫಿರಂಗಿಗಳು ಎರಡು ಪಕ್ಕದಲ್ಲಿ ಸಾಲಾಗಿರುತ್ತವೆ. ಪಕ್ಕದ ಗೋಡೆ ದಪ್ಪ ಓಕ್ ಮರ. ಹಿಂಬದಿಯಲ್ಲಿ ಕ್ಯಾಪ್ಟನ್ನನ ಕೋಣೆಯ ಗಾಜಿನ ಕಿಟಕಿಗಳು. ಶತ್ರು ಅಲ್ಲಿಂದ ಹೊಡೆದರೆ ಗುಂಡು ಆ ತುದಿಯಿಂದ ಈ ತುದಿವರೆಗೆ, ದಾರಿಯಲ್ಲಿ ಸಿಕ್ಕ ಫಿರಂಗಿ, ಮನುಷ್ಯ ಎಲ್ಲವನ್ನೂ ಉರುಳಿಸುತ್ತಾ ಹೋಗುತ್ತದೆ. ಇವರು ತಿರುಗಿಸಿ ಹೊಡೆಯೋಣವೆಂದರೆ ಆ ಕಡೆಗೆ ಹೆಚ್ಚು ಫಿರಂಗಿಯೇ ಇಲ್ಲ. ಆದ್ದರಿಂದ ಹಡಗಿನ ಕಾಳಗ ಅಂದರೆ ಮುಖ್ಯವಾಗಿ ಒಬ್ಬರ ಬೆನ್ನಿಗೆ ಇನ್ನೊಬ್ಬರು ಬೀಳುವ ಪ್ರಯತ್ನ.

ಆಬ್ರಿ ಗಾಳಿಯನ್ನು ಗೆಲ್ಲಲಾಗದಾಗ ಕತ್ತಲನ್ನು ಬಳಸುತ್ತಾನೆ. ಒಂದು ತೆಪ್ಪದ ಮೇಲೆ ಲಾಂದ್ರ ಹಚ್ಚಿ ತೇಲಿಬಿಟ್ಟು, ತನ್ನ ಹಡಗಿನ ದೀಪಗಳನ್ನೆಲ್ಲ ಆರಿಸುತ್ತಾನೆ. ಅಕೆರಾನ್ ಲಾಂದ್ರದ ಹಿಂದೆ ಹೋಗುತ್ತದೆ. ಇದು ಸುಮ್ನೆ ಕಟ್ಟಿದ ಕಥೆಯಲ್ಲ. ಥಾಮಸ್ ಕಾಕ್ರನ್ ಅನ್ನುವ ನಿಜವಾದ ಬ್ರಿಟಿಷ್ ನೌಕಾಧಿಕಾರಿ ‘ಸ್ಪೀಡಿ’ ಅನ್ನುವ ಪುಟ್ಟ ಹಡಗಿನಲ್ಲಿದ್ದಾಗ ಹೀಗೆಯೇ ಒಂದು ಪೀಪಾಯಿಗೆ ಲಾಂದ್ರ ಕಟ್ಟಿ ತಪ್ಪಿಸಿಕೊಂಡಿದ್ದ. 1801ರಲ್ಲಿ ಅದೇ ಹಡಗಿನ 14 ಫಿರಂಗಿ, 54 ಜನರೊಂದಿಗೆ 32 ಫಿರಂಗಿ, 300ಕ್ಕೂ ಹೆಚ್ಚು ಜನರಿದ್ದ ಸ್ಪೇನಿನ ‘ಎಲ್ ಗಾಮೊ’ವನ್ನು ಹಿಡಿದ. ಓಬ್ರಿಯನ್ ಆಬ್ರಿಯನ್ನು ರೂಪಿಸಿದ್ದು ಬಹುಪಾಲು ಈ ಕಾಕ್ರನ್ನನ ಸಾಹಸಗಳಿಂದ.

ಯುದ್ಧ ವರ್ಷಕ್ಕೊಂದೆರಡು ಗಂಟೆ. ಉಳಿದದ್ದೆಲ್ಲ ದಿನದ ಬಾಳು. ಸಿನಿಮಾ ಗೆಲ್ಲುವುದು ಇಲ್ಲೇ ಅಂತ ನನಗನ್ನಿಸುತ್ತದೆ.

ಹಡಗಿನ ದಿನ ಗಂಟೆಯ ಮೇಲೆ ನಡೆಯುತ್ತಿತ್ತು. ಮರಳು ಗಡಿಯಾರ ಅರ್ಧ ಗಂಟೆಗೊಮ್ಮೆ ಖಾಲಿಯಾದಾಗ ತಿರುಗಿಸಿ ಗಂಟೆ ಬಾರಿಸಬೇಕು. ನಾಲ್ಕು ಗಂಟೆಗೊಂದು ಪಾಳಿ. ಹೆಚ್ಚಿನ ಹಡಗುಗಳಲ್ಲಿ ಜನ ಎರಡು ಗುಂಪು, ಒಂದು ಗುಂಪು ಮೇಲೆ ದುಡಿಯುವಾಗ ಇನ್ನೊಂದು ಕೆಳಗೆ ಮಲಗುತ್ತದೆ. ಅಂದರೆ ಪಾಳಿಯಲ್ಲಿ ದುಡಿಯುವ ನಾವಿಕನಿಗೆ ಒಂದೇ ಸಲಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ನಿದ್ದೆ ಸಿಗುತ್ತಿರಲಿಲ್ಲ. ಸಂಜೆ ನಾಲ್ಕರಿಂದ ಎಂಟರ ಪಾಳಿಯನ್ನು ಮಾತ್ರ ಎರಡೆರಡು ಗಂಟೆಗೆ ಒಡೆದಿದ್ದರು. ಇಲ್ಲದಿದ್ದರೆ ನಡುರಾತ್ರಿಯ ಪಾಳಿ ದಿನವೂ ಅದೇ ಗುಂಪಿನ ಪಾಲಿಗೆ ಬರುತ್ತಿತ್ತು. ಇಷ್ಟು ಸಣ್ಣ ನ್ಯಾಯವನ್ನೂ ಯಾರೋ ಯೋಚಿಸಿ ಮಾಡಿದ್ದಾರೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ. ಇಲ್ಲಿ ಹಾಸಿಗೆಯ ಅಗಲ 14 ಇಂಚು. ತೊಲೆಗಳಿಗೆ ಜೋಲಿ ಕಟ್ಟಿ ಮಲಗಲು ಒಬ್ಬನಿಗೆ ನಿಗದಿಯಾದ ಜಾಗ ಅಷ್ಟೇ. ಪಕ್ಕದವನು ಪಾಳಿಗೆ ಹೋದಾಗ ಅವನ 14 ಇಂಚೂ ಸಿಗುತ್ತದೆ. ಊಟಕ್ಕೆ ಉಪ್ಪು ಹಾಕಿ ಪೀಪಾಯಿಯಲ್ಲಿ ತುಂಬಿದ ಮಾಂಸ, ಒಣ ಬಟಾಣಿ, ಕಲ್ಲಿನಂಥ ಬಿಸ್ಕತ್ತು. ಬಿಸ್ಕತ್ತಿನಲ್ಲಿ ನುಸಿ. ಊಟದ ಮೇಜಿನಲ್ಲಿ ಕ್ಯಾಪ್ಟನ್ ಎರಡು ನುಸಿ ತೋರಿಸಿ, ಇವೆರಡರಲ್ಲಿ ಯಾವುದನ್ನು ಆರಿಸುತ್ತೀಯ ಅಂತ ವೈದ್ಯನನ್ನು ಕೇಳುತ್ತಾನೆ. ಆ ಶ್ಲೇಷೆ (ನುಸಿಗೆ ‘ವೀವಿಲ್’, ಕೆಡುಕಿಗೆ ‘ಈವಿಲ್’) ಇಂಗ್ಲಿಷಿನಲ್ಲಿ ಮಾತ್ರ ಕೂಡುತ್ತದೆ. ನಗು ಮಾತ್ರ ಯಾವ ಭಾಷೆಯವರಿಗೂ ತಿಳಿಯುತ್ತದೆ, ತಿಂಗಳುಗಟ್ಟಲೆ ನುಸಿ ತಿಂದವರ ನಗು ಅದು. ದಿನಕ್ಕೆ ಅರ್ಧ ಪೈಂಟ್ ರಮ್, ನೀರು ಬೆರೆಸಿ. 1795ರ ನಂತರ ನಿಂಬೆ ರಸವೂ ಸಿಗತೊಡಗಿತು. ಒಸಡು ಕೊಳೆತು ಸಾಯಿಸುವ ಸ್ಕರ್ವಿ ರೋಗಕ್ಕೆ ಅದೇ ಮದ್ದು.

ಇಂಥ ಕೆಲಸಕ್ಕೆ ಜನ ಯಾಕೆ ಬರುತ್ತಿದ್ದರು? ಎಷ್ಟೋ ಜನ ಬರಲಿಲ್ಲ, ಎಳೆದು ತರಲಾಯಿತು. ಬಂದರಿನ ಬೀದಿಗಳಲ್ಲಿ, ವ್ಯಾಪಾರಿ ಹಡಗುಗಳಲ್ಲಿ ನಾವಿಕರನ್ನು ಬಲವಂತವಾಗಿ ಹಿಡಿದು ನೌಕಾಪಡೆಗೆ ಸೇರಿಸುವುದು ಆಗ ಕಾನೂನಿಗೆ ಒಪ್ಪಿಗೆಯಾಗಿತ್ತು. ಇನ್ನು ಕೆಲವರಿಗೆ ಆಸೆ: ಶತ್ರು ಹಡಗು ಹಿಡಿದರೆ ಅದರ ಬೆಲೆಯನ್ನು ಎಂಟು ಪಾಲು ಮಾಡುತ್ತಿದ್ದರು. ಆ ಕಾಲದ ನಿಯಮದಲ್ಲಿ ಕ್ಯಾಪ್ಟನ್‌ಗೆ ಮೂರು ಪಾಲು, ಅದರಲ್ಲಿ ಒಂದು ಮೇಲಿನ ಅಡ್ಮಿರಲ್‌ಗೆ. ಸಾಮಾನ್ಯ ನಾವಿಕರಿಗೆಲ್ಲ ಸೇರಿ ಎರಡು. ನ್ಯಾಯವೇನಲ್ಲ. ಆದರೂ ಒಂದು ಒಳ್ಳೆ ಬೇಟೆ ಸಿಕ್ಕರೆ ವರ್ಷಗಳ ಸಂಬಳ ಒಂದೇ ದಿನದಲ್ಲಿ ಬರುತ್ತಿತ್ತು. ಆಬ್ರಿಯಂಥ ‘ಅದೃಷ್ಟದ’ ಕ್ಯಾಪ್ಟನ್ ಅಂದರೆ ನಾವಿಕರಿಗೆ ಪ್ರೀತಿ ಯಾಕೆ ಅಂತ ಇದರಿಂದಲೂ ಗೊತ್ತಾಗುತ್ತದೆ.

ಸಿನಿಮಾದಲ್ಲಿ ನನ್ನನ್ನು ಹೆಚ್ಚು ಕಾಡುವುದು ಮಕ್ಕಳು. ಮಿಡ್‌ಶಿಪ್‌ಮನ್ ಅಂದರೆ ಅಧಿಕಾರಿಯಾಗಲು ಕಲಿಯುತ್ತಿರುವ ಹುಡುಗ. ಹನ್ನೆರಡು ಹದಿಮೂರಕ್ಕೇ ಹಡಗು ಹತ್ತುತ್ತಿದ್ದರು, ಆರು ವರ್ಷ ಸಮುದ್ರದಲ್ಲಿ ಕಳೆದ ಮೇಲೆ ಲೆಫ್ಟಿನೆಂಟ್ ಪರೀಕ್ಷೆ. ಬ್ರಿಟನ್ನಿನ ಹೆಸರಾಂತ ನೌಕಾ ನಾಯಕ ನೆಲ್ಸನ್ ಕೂಡ 1771ರಲ್ಲಿ 12ನೇ ವಯಸ್ಸಿಗೆ ಸೇರಿದವನೇ. ಸಿನಿಮಾದ ಬ್ಲೇಕ್ನಿ ಅಂಥ ಪುಟ್ಟ ಹುಡುಗ. ಮೊದಲ ಕಾಳಗದಲ್ಲೇ ತೋಳು ಮುರಿದು, ಕೊನೆಗೆ ಕತ್ತರಿಸಬೇಕಾಗುತ್ತದೆ. ಅರಿವಳಿಕೆ ಇಲ್ಲದ ಕಾಲ. ಹುಡುಗ ಕಿರುಚುವುದಿಲ್ಲ. ಆಮೇಲೆ ಕ್ಯಾಪ್ಟನ್ ಬಂದು ಹಾಸಿಗೆ ಪಕ್ಕ ಕೂತು ನೆಲ್ಸನ್ ಬಗೆಗಿನ ಒಂದು ಪುಸ್ತಕ ಕೊಡುತ್ತಾನೆ. ನೆಲ್ಸನ್ 1797ರಲ್ಲಿ ಬಲಗೈ ಕಳೆದುಕೊಂಡವನು. ಇದನ್ನು ಆಬ್ರಿ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಹುಡುಗ ಚಿತ್ರ ನೋಡಿ ಅರ್ಥ ಮಾಡಿಕೊಳ್ಳುತ್ತಾನೆ.

ಬ್ಲೇಕ್ನಿಗೆ ಎದುರಾಗಿ ಹೊಲಮ್ ಇದ್ದಾನೆ. ಮೂವತ್ತರ ಹತ್ತಿರ ಬಂದರೂ ಇನ್ನೂ ಮಿಡ್‌ಶಿಪ್‌ಮನ್. ಸಿನಿಮಾ ಶುರುವಾಗುವುದೇ ಇವನಿಂದ. ಮುಂಜಾವಿನ ಮಂಜಿನಲ್ಲಿ ಏನೋ ಕಂಡ ಹಾಗಾಗುತ್ತದೆ. ಹೌದೋ ಅಲ್ಲವೋ? ಯುದ್ಧಕ್ಕೆ ಸಜ್ಜಾಗುವ ಡೋಲು ಬಾರಿಸಿದರೆ ಎಲ್ಲರ ನಿದ್ದೆ ಹಾಳು, ಬಾರಿಸದಿದ್ದರೆ ಎಲ್ಲರ ಪ್ರಾಣ. ಅವನಿಗೆ ನಿರ್ಧಾರವಾಗುವುದಿಲ್ಲ. ಪಕ್ಕದಲ್ಲಿದ್ದ ಕಿರಿಯ ಕ್ಯಾಲಮಿಯೇ ಆಜ್ಞೆ ಕೊಡುತ್ತಾನೆ. ಮುಂದಾಳು ಅಂದರೆ ಏನು ಅಂತ ಇಡೀ ಸಿನಿಮಾ ಕೇಳುವ ಪ್ರಶ್ನೆ ಈ ಮೊದಲ ಐದಾರು ನಿಮಿಷದಲ್ಲೇ ಬಂದುಬಿಟ್ಟಿದೆ.

ಹೊಲಮ್ ಕೆಟ್ಟವನಲ್ಲ. ಹಾಡುತ್ತಾನೆ, ಮೃದು ಸ್ವಭಾವದವನು. ಆದರೆ ಗಾಳಿ ನಿಂತು, ಹಡಗು ಬಿಸಿಲಲ್ಲಿ ಕೊಳೆಯತೊಡಗಿದಾಗ ನಾವಿಕರು ಅವನ ಕಡೆ ನೋಡತೊಡಗುತ್ತಾರೆ. ಇವನೊಬ್ಬ ಯೋನ ಅನ್ನುತ್ತಾರೆ. ಬೈಬಲ್ಲಿನ ಯೋನ ಹತ್ತಿದ ಹಡಗಿಗೆ ಬಿರುಗಾಳಿ ಬಂದಿತ್ತಲ್ಲ, ಹಾಗೆ. ನಮ್ಮ ಕಡೆ ಕಾಲ್ಗುಣ ಸರಿಯಿಲ್ಲ ಅಂತ ಹೊಸ ಸೊಸೆಯ ಮೇಲೆ ಗೂಬೆ ಕೂರಿಸುತ್ತಾರಲ್ಲ, ಅದೇ ರೋಗ. ಒಂದು ದಿನ ನೇಗಲ್ ಬೇಕೆಂದೇ ಹೊಲಮ್‌ಗೆ ಭುಜ ತಾಗಿಸಿ, ವಂದಿಸದೆ ಹೋಗುತ್ತಾನೆ. ಅಧಿಕಾರಿಗೆ ಅವಮಾನ ಮಾಡಿದರೆ ಶಿಕ್ಷೆ ಚಾಟಿಯೇಟು.

ಇಲ್ಲಿ ಯೋಚನೆ ಮಾಡಿ. ಮಾದರಿ ಕೆತ್ತಿ ಕೊಟ್ಟವನು ನೇಗಲ್. ಕ್ಯಾಪ್ಟನ್ ಜೊತೆ ನಿಂತು ಗೆಳೆಯನ ಹಗ್ಗ ಕಡಿದವನು ನೇಗಲ್. ಈಗ ಅದೇ ಕ್ಯಾಪ್ಟನ್ ಎಲ್ಲರೆದುರು ಅವನ ಬೆನ್ನಿಗೆ 12 ಏಟು ಹೊಡೆಸುತ್ತಾನೆ. ಅವನ ನೋವು ಆಬ್ರಿಗೆ ಗೊತ್ತಿದೆ. ಗೊತ್ತಿದ್ದೇ ಹೊಡೆಸುತ್ತಾನೆ. ಸ್ಟೀಫನ್ ಜಗಳಕ್ಕೆ ಬರುತ್ತಾನೆ, ಇದು ಸರ್ವಾಧಿಕಾರಿಗಳು ಯಾವಾಗಲೂ ಕೊಡುವ ನೆಪ ಅನ್ನುತ್ತಾನೆ. ಆಬ್ರಿಯ ಉತ್ತರ, ಹಡಗಿನಲ್ಲಿ ಮೇಲು ಕೆಳಗಿನ ಕಟ್ಟು ಒಮ್ಮೆ ಸಡಿಲವಾದರೆ ಯಾರೂ ಉಳಿಯುವುದಿಲ್ಲ ಅಂತ. ಸಿನಿಮಾ ಯಾರ ಪರವೂ ತೀರ್ಪು ಕೊಡುವುದಿಲ್ಲ. ನನಗೆ ಸ್ಟೀಫನ್ ಮಾತೇ ಸರಿ ಅನ್ನಿಸುತ್ತದೆ. ಆದರೆ ಆಬ್ರಿಯ ಭಯ ಸುಳ್ಳಲ್ಲ. ಅದಕ್ಕೆ ಹಿಂದಿನ ಎಂಟು ವರ್ಷದ ಚರಿತ್ರೆ ಗೊತ್ತಿರಬೇಕು.

1797ರಲ್ಲಿ ಇಂಗ್ಲೆಂಡಿನ ಸ್ಪಿಟ್‌ಹೆಡ್‌ನಲ್ಲಿ ನಿಂತಿದ್ದ ನೌಕಾಪಡೆಯ ನಾವಿಕರು ಲಂಗರು ಎತ್ತುವುದಿಲ್ಲ ಅಂತ ಕೂತುಬಿಟ್ಟರು. ಸಂಬಳ ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಏರಿರಲಿಲ್ಲ. ಪಡಿತರ ಅಳೆಯುವಾಗ 16 ಔನ್ಸಿನ ಪೌಂಡಿನಲ್ಲಿ 14 ಔನ್ಸ್ ಮಾತ್ರ ಕೊಡುತ್ತಿದ್ದರು. ಸರ್ಕಾರ ಮಣಿದು ಸಂಬಳ ಏರಿಸಿತು, ಕ್ಷಮೆಯೂ ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೆರಿಬಿಯನ್ ಸಮುದ್ರದಲ್ಲಿದ್ದ ‘ಹರ್ಮಯೊನಿ’ ಹಡಗಿನಲ್ಲಿ ಮಾತ್ರ ರಕ್ತ ಹರಿಯಿತು. ಅದರ ಕ್ಯಾಪ್ಟನ್ ಹ್ಯೂ ಪಿಗಟ್ ಚಾಟಿಯ ಹುಚ್ಚಿನವನು. ಹಾಯಿ ಕಟ್ಟಿ ಕಂಬದಿಂದ ಕೊನೆಗೆ ಇಳಿದವರಿಗೆ ಏಟು ಅಂದ. ಹೆದರಿ ಆತುರದಲ್ಲಿ ಇಳಿಯಲು ಹೋಗಿ ಮೂವರು ಹುಡುಗರು ಬಿದ್ದು ಸತ್ತರು. ಆ ಹೆಣಗಳನ್ನು ಸಮುದ್ರಕ್ಕೆ ಎಸೆಯಿರಿ ಅಂದ. ಮರುದಿನ ರಾತ್ರಿ ನಾವಿಕರು ಅವನನ್ನೂ ಇನ್ನೂ ಒಂಬತ್ತು ಅಧಿಕಾರಿಗಳನ್ನೂ ಕೊಂದು, ಹಡಗನ್ನು ಸ್ಪೇನಿನವರಿಗೆ ಒಪ್ಪಿಸಿದರು.

1799ರಲ್ಲಿ ಸ್ಪೇನಿನವರ ಕೈಲಿದ್ದ ಪೋರ್ಟೊ ಕಬೆಲ್ಲೊ ಬಂದರಿಗೆ ರಾತ್ರಿ ದೋಣಿಗಳಲ್ಲಿ ನುಗ್ಗಿ ಹರ್ಮಯೊನಿಯನ್ನು ಮತ್ತೆ ಹಿಡಿದ ಬ್ರಿಟಿಷ್ ಹಡಗು ಯಾವುದು ಗೊತ್ತಾ? ಸರ್ಪ್ರೈಸ್. ಹೌದು, ಆ ಹೆಸರಿನ ಹಡಗು ನಿಜವಾಗಿಯೂ ಇತ್ತು. ಫ್ರೆಂಚರಿಂದ 1796ರಲ್ಲಿ ಹಿಡಿದದ್ದು, 1802ರಲ್ಲಿ ಮಾರಾಟವಾಯಿತು. ಸಿನಿಮಾದ 1805ರಲ್ಲಿ ಅದು ಸಮುದ್ರದಲ್ಲಿರಲಿಲ್ಲ, ಓಬ್ರಿಯನ್ ಅದಕ್ಕೆ ಇನ್ನಷ್ಟು ಆಯುಸ್ಸು ಕೊಟ್ಟ. ಕಾನೂನು ಕ್ಯಾಪ್ಟನ್ನನಿಗೆ ಎಲ್ಲ ಅಧಿಕಾರ ಕೊಟ್ಟಿತ್ತು. ಆದರೆ ದಡದಿಂದ ಸಾವಿರಾರು ಮೈಲಿ ದೂರದಲ್ಲಿ 197 ಜನರ ನಡುವೆ ಅವನು ಒಬ್ಬನೇ. ಅವರು ಒಪ್ಪಿದ್ದಷ್ಟು ದಿನ ಮಾತ್ರ ಅವನು ಕ್ಯಾಪ್ಟನ್. ಪಿಗಟ್‌ಗೆ ಅದು ತಿಳಿಯಲಿಲ್ಲ. ಆಬ್ರಿಗೆ ಚೆನ್ನಾಗಿ ತಿಳಿದಿದೆ.

ಹಾಗಿದ್ದೂ ಅವನು ಹೊಲಮ್‌ನನ್ನು ಉಳಿಸಲಾಗಲಿಲ್ಲ. ಏಟಿನ ನಂತರ ಒಂದು ರಾತ್ರಿ ಹೊಲಮ್ ಫಿರಂಗಿಯ ಗುಂಡೊಂದನ್ನು ಎದೆಗೆ ಅವಚಿಕೊಂಡು ಸಮುದ್ರಕ್ಕೆ ಹಾರುತ್ತಾನೆ. ಹಾರುವ ಮುಂಚೆ ಬ್ಲೇಕ್ನಿಗೆ ವಿದಾಯ ಹೇಳುತ್ತಾನೆ, ಹುಡುಗನಿಗೆ ಅದು ಅರ್ಥವಾಗುವಷ್ಟರಲ್ಲಿ ಮುಗಿದಿರುತ್ತದೆ. ಮರುದಿನ ಪ್ರಾರ್ಥನೆಯಲ್ಲಿ ಆಬ್ರಿ ಬೈಬಲ್ ಓದಲು ಹೊರಟು ನಿಲ್ಲಿಸಿ, ತಾವೆಲ್ಲ ಅವನ ಬಗ್ಗೆ ಕೆಟ್ಟದ್ದು ಆಡಿದ್ದಕ್ಕೆ, ಜೊತೆ ನಿಲ್ಲದೇ ಹೋದದ್ದಕ್ಕೆ ದೇವರಲ್ಲಿ ಕ್ಷಮೆ ಕೇಳುತ್ತಾನೆ. ಸಿಟ್ಟಿಲ್ಲ, ಉಪದೇಶವಿಲ್ಲ. ತನ್ನನ್ನೂ ಆ ‘ನಾವು’ ಒಳಗೆ ಸೇರಿಸಿಕೊಳ್ಳುತ್ತಾನೆ. ಈ ದೃಶ್ಯ ಯಾವ ಕಾಳಗಕ್ಕಿಂತಲೂ ದೊಡ್ಡದು.

ಸ್ಟೀಫನ್ ಇಲ್ಲದಿದ್ದರೆ ಆಬ್ರಿ ಹೇಗಿರುತ್ತಿದ್ದ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಡೀ ಹಡಗಿನಲ್ಲಿ ಅವನ ಮುಖಕ್ಕೆ ಹೊಡೆದಂತೆ ಸತ್ಯ ಹೇಳುವವನು ವೈದ್ಯ ಒಬ್ಬನೇ. ಅದೂ ಕೋಣೆಯ ಬಾಗಿಲು ಮುಚ್ಚಿದ ಮೇಲೆ. ಗಲಪಗೋಸ್ ದ್ವೀಪಗಳಲ್ಲಿ ಕೆಲವು ದಿನ ಪ್ರಾಣಿ ಪಕ್ಷಿ ನೋಡಲು ಬಿಡುತ್ತೇನೆ ಅಂತ ಆಬ್ರಿ ಮಾತು ಕೊಟ್ಟಿರುತ್ತಾನೆ. ಡಾರ್ವಿನ್ ಅಲ್ಲಿಗೆ ಹೋಗಲು ಇನ್ನೂ 30 ವರ್ಷ ಇದೆ. ಅಷ್ಟರಲ್ಲಿ ಅಕೆರಾನ್ ಸುಳಿವು ಸಿಗುತ್ತದೆ, ಮಾತು ಮುರಿಯುತ್ತದೆ. ಆಮೇಲೆ ಹಡಗಿನ ಸೈನಿಕಾಧಿಕಾರಿಯೊಬ್ಬ ಹಕ್ಕಿಗೆ ಗುರಿ ಇಟ್ಟ ಗುಂಡು ಸ್ಟೀಫನ್ ಹೊಟ್ಟೆಗೆ ತಗಲುತ್ತದೆ. ಓಲಾಡುವ ಹಡಗಿನಲ್ಲಿ ಗುಂಡು ತೆಗೆಯಲಾಗದು. ಆಗ ಆಬ್ರಿ ಬೇಟೆಯನ್ನೇ ಬಿಟ್ಟು ಹಡಗನ್ನು ದ್ವೀಪಕ್ಕೆ ತಿರುಗಿಸುತ್ತಾನೆ. ವಾರ್ಲಿಗಾಗಿ ನಿಲ್ಲದ ಹಡಗು ಸ್ಟೀಫನ್‌ಗಾಗಿ ನಿಲ್ಲುತ್ತದೆ. ಬಿರುಗಾಳಿಯಲ್ಲಿ ದಾರಿ ಇರಲಿಲ್ಲ, ಇಲ್ಲಿ ಇತ್ತು, ನಿಜ. ಆದರೂ ನೇಗಲ್ ಆ ದಿನ ಡೆಕ್ ಮೇಲೆ ನಿಂತು ಏನಂದುಕೊಂಡಿರಬಹುದು? ಸಿನಿಮಾ ಅವನ ಮುಖ ತೋರಿಸುವುದಿಲ್ಲ.

ಕನ್ನಡಿ ಹಿಡಿಸಿಕೊಂಡು ಸ್ಟೀಫನ್ ತನ್ನ ಹೊಟ್ಟೆಯಿಂದ ತಾನೇ ಗುಂಡು ತೆಗೆದುಕೊಳ್ಳುತ್ತಾನೆ. ಚೇತರಿಸಿಕೊಂಡು ದ್ವೀಪ ಸುತ್ತುವಾಗ ಒಣ ಕಡ್ಡಿಯಂತೆ ಕಾಣುವ ಹುಳವೊಂದು ಸಿಗುತ್ತದೆ. ಆಬ್ರಿಗೆ ಅದರಿಂದಲೇ ಉಪಾಯ ಹೊಳೆಯುತ್ತದೆ: ಯುದ್ಧ ಹಡಗನ್ನು ತಿಮಿಂಗಿಲ ಬೇಟೆಯ ಹಡಗಿನಂತೆ ವೇಷ ಹಾಕಿಸಿ ಅಕೆರಾನನ್ನು ಹತ್ತಿರ ಕರೆಯುವುದು. ಆ ಕಾಲದ ಯುದ್ಧ ನಿಯಮದಲ್ಲಿ ಇದಕ್ಕೆ ಅವಕಾಶವಿತ್ತು, ಗುಂಡು ಹಾರಿಸುವ ಮುಂಚೆ ಸ್ವಂತ ಬಾವುಟ ಏರಿಸಿದರೆ ಸಾಕು.

ತಯಾರಿಕೆಯ ಬಗ್ಗೆಯೂ ಹೇಳಬೇಕು. ಕೇಪ್ ಹಾರ್ನ್ ಅಲೆಗಳು ನಿಜವಾದವು. ಕ್ಯಾಪ್ಟನ್ ಕುಕ್‌ನ ‘ಎಂಡೆವರ್’ ಹಡಗಿನ ಪ್ರತಿಕೃತಿ ಅಲ್ಲಿ ಸಾಗಿದಾಗ ಅದರ ಮೇಲಿಂದ ಚಿತ್ರೀಕರಿಸಿದ್ದನ್ನು ಬಳಸಿದರು. ಸರ್ಪ್ರೈಸ್ ಆಗಿ ಕಾಣುವುದು 1970ರಲ್ಲಿ ಕೆನಡಾದಲ್ಲಿ ಕಟ್ಟಿದ ‘ರೋಸ್’ ಅನ್ನುವ ಹಡಗು, ಈಗ ಅದು ಸ್ಯಾನ್ ಡಿಯೇಗೊ ಮ್ಯೂಸಿಯಂನಲ್ಲಿದೆ. ಆಸ್ಕರ್‌ಗೆ 10 ವಿಭಾಗಗಳಲ್ಲಿ ಹೆಸರು ಬಂತು, ಛಾಯಾಗ್ರಹಣಕ್ಕೂ ಧ್ವನಿ ಸಂಕಲನಕ್ಕೂ ಪ್ರಶಸ್ತಿ ಸಿಕ್ಕಿತು. ಸಾಧ್ಯವಾದರೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ನೋಡಿ. ಮರ ನರಳುವ ಸದ್ದು ಎರಡೂಕಾಲು ಗಂಟೆ ಬಿಡದೆ ಕೇಳುತ್ತದೆ. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಹಾರ್ಟಲ್‌ಪೂಲ್‌ಗೆ ಹೋದರೆ ಇದೇ ಬಗೆಯ ಯುದ್ಧ ಹಡಗು ‘ಟ್ರಿಂಕೋಮಲಿ’ಯನ್ನು ಹತ್ತಿ ನೋಡಬಹುದು. ಅದು 1817ರಲ್ಲಿ ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಕಟ್ಟಿದ್ದು, ಇಂದಿಗೂ ತೇಲುತ್ತಿದೆ.

ಕೊನೆಯ ಕಾಳಗ ಗೆದ್ದ ಮೇಲೆ ಸತ್ತವರನ್ನು ಹಾಯಿಬಟ್ಟೆಯಲ್ಲಿ ಹೊಲಿದು ಸಮುದ್ರಕ್ಕೆ ಇಳಿಸುತ್ತಾರೆ. ಮೊದಲ ದಿನ ಡೋಲು ಬಾರಿಸಲು ಹೇಳಿದ ಕ್ಯಾಲಮಿಯೂ ಅವರಲ್ಲಿ ಒಬ್ಬ. ಹಿಡಿದ ಅಕೆರಾನನ್ನು ಆಬ್ರಿಯ ಕೈಕೆಳಗಿನ ಅಧಿಕಾರಿ ಪುಲಿಂಗ್ಸ್‌ಗೆ ಒಪ್ಪಿಸಿ ಕಳಿಸಿಯೂ ಆಗುತ್ತದೆ. ಈಗಾದರೂ ಗಲಪಗೋಸ್‌ಗೆ ಹೋಗೋಣ ಅಂತ ಸ್ಟೀಫನ್ ಕಾದಿರುತ್ತಾನೆ. ಆಗ ಮಾತಿಗೆ ಮಾತು ಬಂದು ಆಬ್ರಿಗೆ ತಿಳಿಯುತ್ತದೆ: ಅಕೆರಾನಿನ ವೈದ್ಯ ತಿಂಗಳುಗಳ ಹಿಂದೆಯೇ ತೀರಿಕೊಂಡಿದ್ದ. ಹಾಗಾದರೆ ವೈದ್ಯನೆಂದು ಹೇಳಿಕೊಂಡು, ತಮ್ಮ ಕ್ಯಾಪ್ಟನ್ ಸತ್ತನೆಂದು ಅವನ ಕತ್ತಿಯನ್ನು ತನ್ನ ಕೈಗಿಟ್ಟವನು ಯಾರು?

ಹಡಗು ತಿರುಗಿಸಲು ಆಜ್ಞೆ ಹೋಗುತ್ತದೆ. ಮೇಲೆ ಡೋಲು ಶುರುವಾಗುತ್ತದೆ, ಪಾಳಿಯವರು ಓಡುವ ಸದ್ದು. ಕೆಳಗೆ ಕೋಣೆಯಲ್ಲಿ ಸ್ಟೀಫನ್ ಏನೂ ಅನ್ನದೆ ಚೆಲ್ಲೋ ಕೈಗೆತ್ತಿಕೊಳ್ಳುತ್ತಾನೆ. ಆಬ್ರಿ ಪಿಟೀಲು ಹಿಡಿದು ಎದುರಿಗೆ ಬರುತ್ತಾನೆ. ಇಬ್ಬರೂ ಇಟಲಿಯ ಸಂಗೀತಗಾರ ಬೊಕೆರಿನಿಯ ಒಂದು ತುಣುಕು ನುಡಿಸತೊಡಗುತ್ತಾರೆ, ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತಾ.